ಹಳೆ ಜೀಪನ್ನು ಕೆಳಗಿನಿಂದ ನೋಡಬೇಕು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ವಾಡೆಯ ಹಿಂದೆ, ಬೇವಿನ ಗಿಡದ ಕೆಳಗೆ ಟೈರಿನ ಗಾಳಿ ಹೋಗಿ ಕೂತ ಜೀಪುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಎತ್ತರದ ಬಾನೆಟ್ಟು ಇದ್ದರೆ ಅದು ಮಹೀಂದ್ರದ ಸಿಜೆ-3ಬಿ. ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರವಾಗಿದ್ದಕ್ಕೇ ಜೀಪಿನ ಮೂಲ ತಯಾರಕ ವಿಲ್ಲಿಸ್ ಕಂಪನಿ ಬಾನೆಟ್ಟನ್ನೂ ಮೇಲಕ್ಕೆತ್ತಿತ್ತು. ಇಂಥ ಗಾಡಿಗಳನ್ನು ಮನೆಯಂಗಳದಲ್ಲೇ ಬಿಚ್ಚಿ ಕಟ್ಟುತ್ತ ಕಲಿತದ್ದು ಇಷ್ಟು.

1. ಕೊಳ್ಳುವ ಮೊದಲು ಗೋಣಿ ಹಾಸಿ ಗಾಡಿಯ ಕೆಳಗೆ ಮಲಗಿ. ಮೇಲಿನ ಪತ್ರಾ ತೂತಾಗಿದ್ದರೆ ಚಿಂತೆಯಿಲ್ಲ, ಹೊಸದು ಕೂಡಿಸಬಹುದು. ನೋಡಬೇಕಾದದ್ದು ಚಾಸಿ. ಕಮಾನು ಪಟ್ಟಿ ಕೂಡುವ ಜಾಗ, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ಕಿವಿಗಳು, ಇಲ್ಲೆಲ್ಲ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗಿ. ಖಣ್ ಎಂದರೆ ಗಟ್ಟಿ. ದಪ್ ಎಂದರೆ ಒಳಗೆ ಜಂಗು ತಿಂದಿದೆ. ಸ್ಟೀರಿಂಗ್ ಬಾಕ್ಸ್ ಕೂಡಿಸಿದ ಕಡೆ ಸೀಳಿದ್ದರೆ ಅಥವಾ ಅಡ್ಡಾದಿಡ್ಡಿ ವೆಲ್ಡಿಂಗ್ ಕಂಡರೆ ದರ ಎಷ್ಟೇ ಕಮ್ಮಿ ಇದ್ದರೂ ನಮಸ್ಕಾರ ಹೇಳಿ ಎದ್ದುಬನ್ನಿ.

2. ನಮ್ಮ ಕಡೆ ಜೀಪನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಎರೆಮಣ್ಣು. ಮಳೆನೀರು ಎರಡು ದಿನಕ್ಕೆ ಆರುತ್ತದೆ, ಎರೆಮಣ್ಣು ಹೀರಿದ ನೀರನ್ನು ವಾರಗಟ್ಟಲೆ ಬಿಡುವುದಿಲ್ಲ. ಕಾಲಿಡುವ ಪತ್ರಾದ ಅಡಿಗೆ ಬಲಕ್ಕೆಂದು ಕೊಟ್ಟಿರುವ ಪಟ್ಟಿಗಳ ಸಂದಿಯಲ್ಲಿ ಈ ಮಣ್ಣು ಹೊಕ್ಕು ಇಟ್ಟಿಗೆಯಂತೆ ಕೂತುಬಿಡುತ್ತದೆ. ಮೇಲೆ ಬಣ್ಣ ಮಿರಿಮಿರಿ, ಕೆಳಗೆ ಪತ್ರಾ ಹಪ್ಪಳ. ಸರ್ವಿಸ್ ಸ್ಟೇಷನ್ನಿನ ನೀರಿನ ಹೊಡೆತಕ್ಕೂ ಆ ಮಣ್ಣು ಜಗ್ಗುವುದಿಲ್ಲ. ನೀರು ಬಿಟ್ಟು ರಾತ್ರಿಯಿಡೀ ನೆನೆಸಿ, ತಂತಿಯಿಂದ ಕೆದಕಿ, ಕಂಪ್ರೆಸರ್ ಗಾಳಿ ಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ ಮಾಡಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರ ಗಾಡಿ ಎರಡು ಮಳೆಗಾಲ ಕಾಣುವುದಿಲ್ಲ. ನನಗೆ ಪತ್ರಾ ಕೆಲಸ ಕಲಿಸಿದ ಮಿಸ್ತ್ರಿ ಕೇಳುತ್ತಿದ್ದದ್ದು ಒಂದೇ ಮಾತು: "ಮ್ಯಾಲ ಬಣ್ಣ ಹೊಡದ್ರ ಒಳಗಿನ ಜಂಗ ನಿಲ್ತದೇನ್ರಿ?"

ಭೀಮಾ ದಂಡೆಯ ಊರಿನ ಗಾಡಿಯಾದರೆ ಇನ್ನೊಂದು ಪರೀಕ್ಷೆ ಉಂಟು. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಎಷ್ಟೋ ಊರುಗಳಿಗೆ ನೀರು ಹೊಕ್ಕಿತ್ತು. ಗೇರ್‌ಬಾಕ್ಸ್ ಮತ್ತು ಎರಡೂ ಡಿಫರೆನ್ಷಿಯಲ್‌ನ ಆಯಿಲ್ ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಒಳಗೆ ಹೋಗಿದೆ, ಬೇರಿಂಗ್ ಖರ್ಚು ಲೆಕ್ಕಕ್ಕೆ ಸೇರಿಸಿ.

3. ಪಾನಾ ಎರಡು ಸೆಟ್ ಬೇಕು. ಜೀಪಿನ ಮೂಲ ಬೋಲ್ಟುಗಳು ಇಂಚಿನವು. ಮಹೀಂದ್ರದ ಇನ್ನೊಂದು ಜೀಪು ಎಂಎಂ-540ರ ಪ್ಯೂಜೊ ಡೀಸೆಲ್ ಎಂಜಿನ್ನಿನವು ಮಿಲಿಮೀಟರಿನವು. 9/16ರ ಪಾನಾ 14ರ ಬೋಲ್ಟಿಗೆ ಹೆಚ್ಚುಕಮ್ಮಿ ಕೂರುತ್ತದೆ, ಪಂಚಾಯಿತಿ ಇರುವುದು ಆಟೆಯಲ್ಲಿ. ಇಂಚಿನ ತೂತಿಗೆ ಮಿಲಿಮೀಟರ್ ಬೋಲ್ಟನ್ನು ಜಬರದಸ್ತಿ ತಿರುಗಿಸಿದರೆ ಎರಡೂ ಕೆಟ್ಟವು. ಜಾಮಾದ ಬೋಲ್ಟಿಗೆ ಹಿಂದಿನ ದಿನವೇ ಡೀಸೆಲ್ ಬಿಡಿ. ಬಿಚ್ಚುವಾಗ ಒಮ್ಮೆಲೇ ಎಳೆಯದೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ.

4. ಬ್ರ್ಯಾಕೆಟ್, ಹಿಂಜು, ಕೊಂಡಿಗಳಂಥ ಸಣ್ಣ ಸಾಮಾನಿಗೆ ಕರೆಂಟಿನ ಸ್ನಾನ ಸಾಕು. ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಬಟ್ಟೆ ಸೋಡಾ ಹಾಕಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಜಂಗಿನ ಸಾಮಾನಿಗೆ, ಪಾಸಿಟಿವನ್ನು ಬೇಡವಾದ ಕಬ್ಬಿಣದ ತುಂಡಿಗೆ ಕಟ್ಟಿ. ಒಂದಕ್ಕೊಂದು ತಾಗಬಾರದು. ಬಯಲಲ್ಲೇ ಮಾಡಿ, ಮೇಲೇಳುವ ಗುಳ್ಳೆ ಜಲಜನಕ, ಹತ್ತಿರ ಬೀಡಿ ಹಚ್ಚುವಂತಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಮಾತ್ರ ಪಾಸಿಟಿವ್‌ಗೆ ಕಟ್ಟಲೇಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ.

5. ತೂತಿನ ಮೇಲೆ ಪತ್ರಾ ಮುಚ್ಚಬೇಡಿ. ಜಂಗು ತಿಂದ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ, ಅಷ್ಟೇ ಅಳತೆಯ ತುಂಡನ್ನು ಅಂಚಿಗೆ ಅಂಚು ಕೂಡಿಸಿ. ಒಂದರ ಮೇಲೊಂದು ಇಟ್ಟರೆ ನಡುವೆ ನೀರು ನಿಂತು ಮತ್ತದೇ ಕತೆ. ತೆಳು ಪತ್ರಾಕ್ಕೆ ಸಿಓಟು ವೆಲ್ಡಿಂಗ್ ಒಳ್ಳೆಯದು. ಒಂದೇ ಎಳೆತದಲ್ಲಿ ಬೆಸೆದರೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಕೈ ಇಡುವಷ್ಟು ಆರಿದ ಮೇಲೆ ಮುಂದಿನದು. ಕೆಲಸಕ್ಕೆ ಮುಂಚೆ ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಗಾಡಿಯಿಂದ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ.

6. ಎಂಜಿನ್ ಚಾಲೂ ಆದ ಖುಷಿಗೆ ರಸ್ತೆಗಿಳಿಸಬೇಡಿ. ಹಳೆ ಜೀಪಿನ ನಾಲ್ಕೂ ಗಾಲಿಯ ಬ್ರೇಕು ಒಂದೇ ಲೈನಿನದು, ಒಂದು ಕಡೆ ಪೈಪು ಒಡೆದರೆ ನಾಲ್ಕೂ ಹೋದವು. ಪೈಪು, ಗಾಲಿ ಸಿಲಿಂಡರು, ರಬ್ಬರುಗಳನ್ನು ಚೌಕಾಸಿ ಮಾಡದೆ ಹೊಸದೇ ಹಾಕಿ.

7. ಬಣ್ಣಕ್ಕೆ ಕಾಲ ನೋಡಬೇಕು. ಏಪ್ರಿಲ್, ಮೇ ಬಿಸಿಲಿಗೆ ಥಿನ್ನರ್ ಗಾಳಿಯಲ್ಲೇ ಆರಿ ಬಣ್ಣ ಉಸುಕುಸುಕಾಗಿ ಕೂರುತ್ತದೆ. ಮಳೆಗಾಲದಲ್ಲಿ ಬಿಳಿ ಮಬ್ಬು. ತೊಗರಿ ರಾಶಿ ಶುರುವಾದರೆ ಊರೆಲ್ಲ ಹೊಟ್ಟಿನ ಧೂಳು. ದೀಪಾವಳಿ ಕಳೆದು ರಾಶಿಗೆ ಮುಂಚಿನ ಮುಂಜಾನೆಗಳೇ ಸರಿ. ರೆಡ್ ಆಕ್ಸೈಡ್ ಒಂದನ್ನೇ ಹೊಡೆದು ತಿಂಗಳುಗಟ್ಟಲೆ ಬಿಡಬೇಡಿ, ಅದು ತೇವ ಹೀರುತ್ತದೆ. ಚಾಸಿಗೆ ಎಪಾಕ್ಸಿ ಪ್ರೈಮರ್ ಇರಲಿ.

8. ಕಾಗದ. ಚಾಸಿಯ ಮೇಲಿನ ನಂಬರು ಆರ್‌ಸಿಗೆ ಕೂಡದಿದ್ದರೆ ವ್ಯವಹಾರವೇ ಬೇಡ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣವಾಗಬೇಕು. 50 ವರ್ಷ ಮೀರಿದ್ದಕ್ಕೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ: ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಅಕ್ಷರ. ಆದರೆ ಅಂಥ ಗಾಡಿಯನ್ನು ರ್‍ಯಾಲಿ, ಪ್ರದರ್ಶನ, ರಿಪೇರಿಗೆ ಹೊರಡಿಸಬಹುದೇ ಹೊರತು ದಿನಾ ಹೊಲಕ್ಕೆ ಓಡಿಸುವಂತಿಲ್ಲ. ಇನ್ನೊಂದು ಷರತ್ತು, ಗಾಡಿ ಮೂಲರೂಪದಲ್ಲೇ ಇರಬೇಕು. ಪೆಟ್ರೋಲ್ ದುಬಾರಿಯೆಂದು ಡೀಸೆಲ್ ಎಂಜಿನ್ ಕೂಡಿಸಿದ ಸಿಜೆ-3ಬಿಗಳು ಇಲ್ಲೇ ತೊಡಕಿಗೆ ಬೀಳುತ್ತವೆ. ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಅಂದು ಇಳಿಸಿಟ್ಟ ಹರಿಕೇನ್ ಎಂಜಿನ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.