ಪುಟ್ಟ ಹಿತ್ತಲಿಗೆ ಯಾವ ಲೈಲಾಕ್?

ಶಿಕಾಗೋದ ಚಳಿಗೆ ಹೆದರಬೇಡಿ. ಆ ಚಳಿ ತಾಗಿದರೇನೇ ಲೈಲಾಕ್ ಮೈತುಂಬ ಹೂ ಬಿಡುವುದು. ಜಾಗ ಕಡಿಮೆಯಿದ್ದರೆ ‘ಮಿಸ್ ಕಿಮ್’ ತಳಿ ನೆಡಿ. ಸಾಮಾನ್ಯವಾಗಿ 5–7 ಅಡಿ ಬೆಳೆಯುತ್ತದೆ, ಬೂದಿರೋಗದ ಕಾಟವೂ ಕಡಿಮೆ. ಬೇಲಿಯಂಚಿನಲ್ಲಿ 10 ಅಡಿ ಅಗಲ ಸಿಕ್ಕರೆ ‘ಮದಾಮ್ ಲೆಮ್ವಾನ್’ ಇರಲಿ. 1890ರ ಈ ಫ್ರೆಂಚ್ ತಳಿಗೆ ಸುತ್ತುಮಲ್ಲಿಗೆಯಂತೆ ಒತ್ತೊತ್ತಾದ ಬಿಳಿ ಎಸಳು, ಗಾಢ ಪರಿಮಳ. ನೇರಳೆ ಎಸಳಿಗೆ ಬಿಳಿ ಅಂಚು ಬೇಕಿದ್ದರೆ ‘ಸೆನ್ಸೇಷನ್’ ಆರಿಸಿ. ಅದರ ಪರಿಮಳ ಮಾತ್ರ ತುಸು ಮೆಲು.

ಕೊಳ್ಳುವ ಮೊದಲು ಮೇ ತಿಂಗಳಲ್ಲಿ ಶಿಕಾಗೋ ಬಳಿಯ ಲೊಂಬಾರ್ಡ್ ಊರಿನ ಲೈಲೇಸಿಯಾ ಪಾರ್ಕಿಗೆ ಹೋಗಿ, ಅಲ್ಲಿನ ಲೈಲಾಕ್ ಹೂಗಳನ್ನು ಮೂಸಿ ನೋಡಿಯೇ ನಿರ್ಧರಿಸಿ.

ಯಾವ ತಳಿಯಾದರೂ ದಿನಕ್ಕೆ 6 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿಡಿ. ಹೂ ಬಾಡಿದ ಕೂಡಲೇ ಸವರಿ. ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳನ್ನೇ ಕತ್ತರಿಸಿದಂತಾಗುತ್ತದೆ. ಮೊದಲೆರಡು ವರ್ಷ ಹೂ ಕಡಿಮೆಯಾದರೆ ಗಿಡ ಕೀಳಬೇಡಿ, ಬೇರೂರಲು ಬಿಡಿ.