ಅಲ್ಯೂಮಿನಿಯಮ್ ತಗಡಿನ ಹೊಳಪನ್ನು ತಗ್ಗಿಸುವ ಬಗೆ



ಹಳೆಯ ಜೀಪಿನ ಚಾಸಿಯ ಮೇಲೆ ಹೊಸ ಬಾಡಿ ಕಟ್ಟಿಸುವವರೂ ಟಿಲ್ಲರಿನ ಗಾಡಿಗೆ ತಾವೇ ತಗಡು ಹೊದಿಸಿಕೊಳ್ಳುವವರೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇವರು ಅಲ್ಯೂಮಿನಿಯಮ್ ತಗಡನ್ನು ಮೆಚ್ಚುವುದಕ್ಕೆ ಕಾರಣವುಂಟು. ಅದರ ತೂಕ ಅಷ್ಟೇ ಗಾತ್ರದ ಕಬ್ಬಿಣದ ಮೂರನೆಯ ಒಂದು ಪಾಲು. ಅದು ಕಬ್ಬಿಣದಂತೆ ತುಕ್ಕು ಹಿಡಿಯದು. ಕತ್ತರಿಸುವುದೂ ಬಗ್ಗಿಸುವುದೂ ಸುಲಭ. 1948ರಲ್ಲಿ ಇಂಗ್ಲೆಂಡಿನಲ್ಲಿ ಲ್ಯಾಂಡ್ ರೋವರ್ ವಾಹನವು ಹೊರಬಂದಾಗ, ಉಕ್ಕಿನ ಅಭಾವವಿದ್ದುದರಿಂದ ಅದರ ಬಾಡಿಯನ್ನು ಅಲ್ಯೂಮಿನಿಯಮ್ ಮಿಶ್ರಲೋಹದಿಂದಲೇ ಮಾಡಿದರು.

ಆದರೆ ಈ ತಗಡಿಗೆ ಒಂದು ದೋಷವಿದೆ. ಅದು ಬಿಸಿಲಿನಲ್ಲಿ ಕಣ್ಣು ಕೋರೈಸುತ್ತದೆ. ಇದನ್ನು ಸಣ್ಣ ವಿಷಯವೆಂದು ಎಣಿಸಬಾರದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಎರಡು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಆ ಎರಡು ಸೆಕೆಂಡು ಚಾಲಕನಿಗೆ ದಾರಿ ಕಾಣದಿದ್ದರೆ, ಶಾಲೆಯಿಂದ ಮರಳುವ ಮಗುವಿನ ಗತಿಯೇನು? ಮನೆಗೆ ತಿರುಗಿದ ದನಗಳ ಗತಿಯೇನು?

ಹೊಳಪಿಗೆ ಕಾರಣ

ನುಣುಪಾದ ಅಲ್ಯೂಮಿನಿಯಮ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಮೇಲ್ಮೈಯನ್ನು ತಿಕ್ಕಿ ಒರಟು ಮಾಡಿದರೆ ಬೆಳಕು ನಾನಾ ದಿಕ್ಕಿಗೆ ಚೆದರುತ್ತದೆ. ಆಗ ಸೂರ್ಯನ ಬಿಂಬ ಒಡೆಯುತ್ತದೆ, ಆದರೆ ಬೆಳಕಿನ ಮೊತ್ತ ಹೆಚ್ಚು ಕಡಿಮೆಯಾಗದು. ಹೊಳಪಿಲ್ಲದ ಕಪ್ಪು ಬಣ್ಣವಾದರೋ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ಆದುದರಿಂದ ಪಕ್ಕದ ತಗಡುಗಳಿಗೆ ತಿಕ್ಕುವುದು ಸಾಕು. ಚಾಲಕನ ಎದುರಿಗಿರುವ ಬಾನೆಟ್ಟಿಗೆ ಬಣ್ಣವೇ ಬೇಕು.

ಎಲ್ಲಿ ಬಣ್ಣ ಬೇಕು?

ಬಾಡಿಗೆಲ್ಲ ಕಪ್ಪು ಬಳಿಯಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಅನೇಕ ಯುದ್ಧವಿಮಾನಗಳನ್ನು ಬಣ್ಣವಿಲ್ಲದ ಬರಿಯ ಅಲ್ಯೂಮಿನಿಯಮ್ ಮೈಯಲ್ಲೇ ಹಾರಿಸುತ್ತಿದ್ದರು. ಆದರೆ ಚಾಲಕನ ಕಿಟಕಿಯ ಮುಂದಿನ ಭಾಗಕ್ಕೆ ಮಾತ್ರ ಹೊಳಪಿಲ್ಲದ ಬಣ್ಣ ಹಚ್ಚಿರುತ್ತಿದ್ದರು. ನಮಗೂ ಅದೇ ಸೂತ್ರ: ಚಾಲಕನ ಕಣ್ಣಿಗೆ ಬೀಳುವ ಭಾಗ ಮಂಕಾಗಿರಲಿ, ಇತರರ ಕಣ್ಣಿಗೆ ಬೀಳಬೇಕಾದ ಭಾಗ ಮಂಕಾಗದಿರಲಿ.

ಸಂಜೆ ಸೂರ್ಯನು ಇಳಿದಿರುವಾಗ ವಾಹನವನ್ನು ಪಡುವಣಕ್ಕೆ ಮುಖಮಾಡಿ ನಿಲ್ಲಿಸಿ ಚಾಲಕನ ಜಾಗದಲ್ಲಿ ಕುಳಿತುಕೊಳ್ಳಿರಿ. ಕಣ್ಣು ಕುಕ್ಕುವ ಜಾಗಗಳನ್ನು ಇನ್ನೊಬ್ಬರು ಸೀಮೆಸುಣ್ಣದಿಂದ ಗುರುತಿಸಲಿ. ವಾಹನವನ್ನು ಓರೆಯಾಗಿ ತಿರುಗಿಸಿ ಮತ್ತೊಮ್ಮೆ ನೋಡಿರಿ. ಸಾಮಾನ್ಯವಾಗಿ ಬಾನೆಟ್, ಮುಂದಿನ ಮಡ್‌ಗಾರ್ಡಿನ ಮೇಲ್ಭಾಗ, ಗಾಜಿನ ಕೆಳಗಿನ ಪಟ್ಟಿ ಇಷ್ಟೇ ಗುರುತಾಗುತ್ತವೆ.

ತರಕಾರಿ ಅಥವಾ ಹಾಲು ಸಾಗಿಸುವ ಪೆಟ್ಟಿಗೆಗೆ ಬಿಳಿ ಬಣ್ಣ ಲೇಸು. ಥಳಥಳಿಸುವ ತಗಡು ತಂಪಾಗಿರುತ್ತದೆಂದು ಹಲವರ ನಂಬಿಕೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಬರಿಯ ಅಲ್ಯೂಮಿನಿಯಮ್ ಒಮ್ಮೆ ಹೀರಿದ ಕಾವನ್ನು ಸುಲಭವಾಗಿ ಹೊರಗೆ ಬಿಡದು. ಬಿಸಿಲಿನಲ್ಲಿ ಬಿಳಿ ಬಣ್ಣದ ತಗಡು ಅದಕ್ಕಿಂತ ತಣ್ಣಗಿರುತ್ತದೆ.

ಕೆಲಸದ ಕ್ರಮ

ಅಲ್ಯೂಮಿನಿಯಮ್ ಮೇಲೆ ನೇರವಾಗಿ ಬಳಿದ ಬಣ್ಣವು ಬೇಗನೆ ಸುಲಿದು ಬರುತ್ತದೆ. ಗಾಳಿ ಸೋಕಿದೊಡನೆ ಈ ಲೋಹದ ಮೇಲೆ ಕಣ್ಣಿಗೆ ಕಾಣದ ಒಂದು ತೆಳುವಾದ ಪೊರೆ ಬೆಳೆಯುತ್ತದೆ. ತುಕ್ಕಿನಿಂದ ಲೋಹವನ್ನು ಕಾಯುವುದೂ ಅದೇ, ಬಣ್ಣವನ್ನು ಹಿಡಿಯಗೊಡದಿರುವುದೂ ಅದೇ. ಆದುದರಿಂದ ಮಳೆಯಿಲ್ಲದ ಒಣ ದಿನವನ್ನು ಆರಿಸಿಕೊಂಡು ಹೀಗೆ ಮಾಡಿರಿ:

1. ತಗಡನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿರಿ. ಅನಂತರ ಥಿನ್ನರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಸೀಮೆಎಣ್ಣೆ ಜಿಡ್ಡನ್ನು ಉಳಿಸುವುದರಿಂದ ಅದು ಬೇಡ.

2. 320ನೆಯ ನಂಬರಿನ ನೀರು ಕಾಗದದಿಂದ, ನೀರು ಹಾಕುತ್ತಾ, ಸುತ್ತುಸುತ್ತಾಗಿ ತಿಕ್ಕಿರಿ. ಹೊಳಪು ಸಮನಾಗಿ ಹೋಗಬೇಕು. ಒಣದಾಗಿ ತಿಕ್ಕಿದರೆ ಏಳುವ ನುಣ್ಣನೆಯ ಪುಡಿ ಉಸಿರಿಗೆ ಕೆಟ್ಟದ್ದು. ಕಿಡಿ ತಗುಲಿದರೆ ಹೊತ್ತಿಕೊಳ್ಳಲೂ ಬಹುದು.

3. ತೊಳೆದು ಪೂರ್ಣ ಒಣಗಿಸಿ, ಮತ್ತೆ ಥಿನ್ನರಿನಿಂದ ಒರೆಸಿರಿ. ಇನ್ನು ಮೇಲೆ ಬರಿಗೈ ಸೋಕಿಸಬೇಡಿರಿ. ಬೆರಳಿನ ಜಿಡ್ಡೂ ಬಣ್ಣವನ್ನು ಎಬ್ಬಿಸುತ್ತದೆ.

4. ಅದೇ ದಿನ ಎಚ್ ಪ್ರೈಮರನ್ನು ತೆಳುವಾಗಿ ಹಚ್ಚಿರಿ. ಅಂಗಡಿಗಳಲ್ಲಿ ಇದಕ್ಕೆ ವಾಶ್ ಪ್ರೈಮರ್ ಎಂದೂ ಹೇಳುತ್ತಾರೆ. ಇದರಲ್ಲಿರುವ ಫಾಸ್ಫರಿಕ್ ಆಮ್ಲವು ಮೇಲಿನ ಪೊರೆಯನ್ನು ಕೊರೆದು ಬಣ್ಣಕ್ಕೆ ಹಿಡಿತ ಒದಗಿಸುತ್ತದೆ. ದಪ್ಪವಾಗಿ ಬಳಿದರೆ ಹಿಡಿತ ಹೆಚ್ಚುವುದಿಲ್ಲ, ಕೆಡುತ್ತದೆ. ಬೆರೆಸುವ ಪ್ರಮಾಣಕ್ಕೂ ಒಣಗುವ ಹೊತ್ತಿಗೂ ಡಬ್ಬಿಯ ಮೇಲಿನ ಸೂಚನೆಯನ್ನೇ ಅನುಸರಿಸಿರಿ.

5. ಅದು ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ಬಣ್ಣವನ್ನು ಎರಡು ತೆಳು ಪದರಗಳಲ್ಲಿ ಹಚ್ಚಿರಿ. ಪ್ರೈಮರಿಗೂ ಬಣ್ಣಕ್ಕೂ ಹೊಂದಾಣಿಕೆಯುಂಟೇ ಎಂದು ಕೊಳ್ಳುವಾಗಲೇ ವಿಚಾರಿಸಿರಿ.

ಇಡೀ ಬಾಡಿಗೆ ಹಚ್ಚುವ ಮೊದಲು ಒಂದು ಚೂರು ತಗಡಿನ ಮೇಲೆ ಪರೀಕ್ಷೆ ಮಾಡಿರಿ. ಬಣ್ಣ ಚೆನ್ನಾಗಿ ಒಣಗಿ ಗಟ್ಟಿಯಾದ ಮೇಲೆ ಬ್ಲೇಡಿನಿಂದ ಅಡ್ಡಡ್ಡ ಉದ್ದುದ್ದ ಗೀರಿ, ಅಂಟುಪಟ್ಟಿ ಒತ್ತಿ, ಸರಕ್ಕನೆ ಕೀಳಿರಿ. ಬಣ್ಣವು ಪಟ್ಟಿಯೊಡನೆ ಎದ್ದುಬಂದರೆ ತಳದ ಕೆಲಸ ಸಾಲದೆಂದು ತಿಳಿಯಿರಿ.

ಮಾಡಬಾರದ ಕೆಲಸಗಳು

ಕಾಸ್ಟಿಕ್ ಸೋಡದಿಂದ ತೊಳೆಯಬಾರದು. ಅದು ಅಲ್ಯೂಮಿನಿಯಮನ್ನೇ ಕರಗಿಸುತ್ತದೆ; ಏಳುವ ಜಲಜನಕ ಅನಿಲಕ್ಕೆ ಬೆಂಕಿ ತಗುಲುವ ಭಯವೂ ಉಂಟು. ಕಬ್ಬಿಣದ ತಂತಿ ಬ್ರಷ್ಷಿನಿಂದ ತಿಕ್ಕಬಾರದು. ಅದರ ಚೂರುಗಳು ತಗಡಿನಲ್ಲಿ ಕಚ್ಚಿಕೊಂಡು ತುಕ್ಕಿನ ಕಲೆ ಬೀಳುತ್ತದೆ. ಸೀಸ ಬೆರೆತ ಕೆಂಪು ಪ್ರೈಮರನ್ನು ಈ ಲೋಹಕ್ಕೆ ಬಳಿಯಬಾರದು. ಹಳೆಯ ತಗಡಿನಲ್ಲಿ ಹಳದಿ ಪ್ರೈಮರ್ ಇದ್ದರೆ ಅದು ಜಿಂಕ್ ಕ್ರೋಮೇಟ್ ಆಗಿರಬಹುದು. ಅದರ ಪುಡಿ ಕ್ಯಾನ್ಸರಿಗೆ ಕಾರಣವಾಗುವುದರಿಂದ ಅಂಥ ತಗಡನ್ನು ನೀವು ತಿಕ್ಕಬೇಡಿರಿ.

ಬಣ್ಣ ಹಚ್ಚುವಾಗ ಬಯಲಿನಲ್ಲಿರಿ, ಕೈಗೆ ರಬ್ಬರ್ ಗವಸನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸಿರಿ. ಹತ್ತಿರ ಬೀಡಿ ಬೇಡ, ಮಕ್ಕಳೂ ಬೇಡ.

ಅಡಿಕೆ ತೋಟದವರಿಗೆ ವಿಶೇಷ ಸೂಚನೆ

ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ಸುಣ್ಣವೂ ಎರಡೂ ಅಲ್ಯೂಮಿನಿಯಮ್ಮಿಗೆ ವೈರಿಗಳು. ಮೈಲುತುತ್ತದಲ್ಲಿರುವ ತಾಮ್ರವು ತಗಡಿನ ಮೇಲೆ ಕುಳಿತು ಅದನ್ನು ಗುಳಿಗುಳಿಯಾಗಿ ತಿನ್ನುತ್ತದೆ. ಇವನ್ನು ಸಾಗಿಸುವಾಗ ಗಾಡಿಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರಿ. ಚೆಲ್ಲಿದರೆ ಕೂಡಲೆ ಧಾರಾಳ ನೀರಿನಿಂದ ತೊಳೆಯಿರಿ. ಹಸಿ ಸಿಮೆಂಟಿಗೂ ಇದೇ ಮಾತು ಸಲ್ಲುತ್ತದೆ. ಕಬ್ಬಿಣದ ಬೋಲ್ಟು ತಗಡನ್ನು ಮುಟ್ಟುವೆಡೆ ರಬ್ಬರ್ ವಾಷರ್ ಇರಲಿ.

ಕೊನೆಯ ಮಾತು

ಬಾಡಿಯನ್ನು ಬದಲಾಯಿಸುವುದಕ್ಕೆ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಕಟ್ಟುಪಾಡು ಹಾಕಿದೆ.

ಹಿಂಭಾಗದ ಕೆಂಪು ಪ್ರತಿಫಲಕಕ್ಕೂ ದೀಪದ ಗಾಜಿಗೂ ಬಣ್ಣದ ಹನಿ ಸಹ ಬೀಳದಂತೆ ಮೊದಲೇ ಕಾಗದ ಅಂಟಿಸಿರಿ. ಕೆಲಸ ಮುಗಿದ ರಾತ್ರಿ ವಾಹನದ ಹಿಂದೆ ದೂರದಲ್ಲಿ ನಿಂತು ಟಾರ್ಚ್ ಬಿಟ್ಟು ನೋಡಿರಿ. ಕೆಂಪು ಪ್ರತಿಫಲಕ ಸ್ಪಷ್ಟವಾಗಿ ಮಿನುಗಬೇಕು. ಮರುದಿನ ಸಂಜೆ ಚಾಲಕನ ಜಾಗದಲ್ಲಿ ಕುಳಿತು ಮೊದಲು ಗುರುತಿಸಿದ್ದ ಜಾಗಗಳನ್ನು ಇನ್ನೊಮ್ಮೆ ನೋಡಿರಿ. ಅಲ್ಲಿ ಕಣ್ಣು ಕುಕ್ಕಬಾರದು. ಈ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆಯೇ ವಾಹನವನ್ನು ರಸ್ತೆಗೆ ಇಳಿಸಿರಿ.