ನಿಸರ್ಗನಡಿಗೆ: ಅರ್ಧಶಕ್ತಿಯ ವ್ಯಾಯಾಮ

ಬೆಂಗಳೂರಿನ 240 ಎಕರೆಯ ಲಾಲ್‌ಬಾಗಿನಲ್ಲಿ ಬಿರುಸಾಗಿ ಸುತ್ತುವವರು ಬಹುಮಂದಿ. ನಿಂತು ನೋಡುವವರು ವಿರಳ. ಬಲ್ಲವರೊಡನೆ ನಡೆದರೆ ಮರದ ಪೊಟರೆಯು ಗಿಳಿ, ಹಾಲಕ್ಕಿಗಳ ಮನೆಯೆಂದೂ, ತರಗೆಲೆಯ ರಾಶಿಯು ಎರೆಹುಳು, ಹಾವುರಾಣಿಗಳ ಆಸರೆಯೆಂದೂ, ಕೆರೆಯಂಚಿನ ಮರವು ನೀರುಕಾಗೆಗಳ ತಂಗುದಾಣವೆಂದೂ ತಿಳಿಯುತ್ತದೆ.

ಶೀತಕಾಲ, ವಸಂತಗಳಲ್ಲಿ ಬಲಶಾಲಿಗಳೂ ಅರ್ಧಶಕ್ತಿಯಷ್ಟೇ, ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿ ವ್ಯಾಯಾಮ ಮಾಡಬೇಕೆಂಬುದು ವಾಗ್ಭಟಾಚಾರ್ಯರ ವಿಧಿ. ಹಣೆ ಬೆವರಿ, ಬಾಯಿಯಿಂದ ಉಸಿರಾಡುವಂತಾದರೆ ಅದೇ ಮಿತಿ. ನಿಂತು ನೋಡುತ್ತ ಸಾಗುವ ನಡಿಗೆಯಲ್ಲಿ ಈ ಮಿತಿ ಮೀರುವುದು ಅಪರೂಪ. ಆದುದರಿಂದ ವೃದ್ಧರಿಗೂ ಅದು ಹಿತಕರ. ಮಧುಮೇಹಿಗಳು ಮಾತ್ರ ಬರಿಗಾಲಿನಲ್ಲಿ ನಡೆಯಕೂಡದು. ಪಾದ ಜಡವಾಗಿದ್ದರೆ ಮುಳ್ಳು ಚುಚ್ಚಿದುದೂ ಅರಿವಾಗದೆ ಹುಣ್ಣಾದೀತು.

ಒಣಮರ ಕಡಿದು, ತರಗೆಲೆ ಸುಟ್ಟ ಉದ್ಯಾನವು ನೋಟಕ್ಕೆ ಚೊಕ್ಕಟ. ಆದರೆ ಅಲ್ಲಿ ಜೀವಿಗಳಿಗೆ ನೆಲೆಯಿಲ್ಲ. ಆ ಹೊಗೆ ನಮ್ಮ ಶ್ವಾಸಕ್ಕೂ ಅಹಿತ.